ಐನೂರಕ್ಕೆ ಒಂದು ವಾಕ್ಯ

ಘಟನೆಗಳ ಕ್ರಮ ಹೀಗಿದೆ. ಡಿಸೆಂಬರ್ ಹದಿನೆಂಟು, ಗುರುವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಮುದುಕಪ್ಪ ಅಯ್ಯನವರು ನನ್ನನ್ನು ಕರೆಸಿದರು. ಜನವರಿ ನಾಲ್ಕು, ಭಾನುವಾರ, ಹನ್ನೊಂದೂ ಇಪ್ಪತ್ತರಿಂದ ಹನ್ನೆರಡೂ ಐದರವರೆಗೆ ಅನಾಹುತ ನಡೆಯಿತು. ಜನವರಿ ಏಳು, ಬುಧವಾರ, ಹಿರಿಯರ ಸಭೆ ಸೇರಿತು. ಜನವರಿ ಹನ್ನೆರಡು, ಸೋಮವಾರ, ಬೆಳಿಗ್ಗೆ ಏಳಕ್ಕೆ ದುರುಗವ್ವನವರು ಹೊಟ್ಟೆಯ ಗಡ್ಡೆಯ ಆಪರೇಷನ್ನಿಗೆ ಆಸ್ಪತ್ರೆಯಲ್ಲಿರಬೇಕಿತ್ತು. ಮೊದಲ ಮೂರು ದಿನಾಂಕಗಳಲ್ಲಿ ನಾನು ಮಾಡಿದ್ದರಿಂದ ನಾಲ್ಕನೆಯ ದಿನಾಂಕಕ್ಕೆ ಒದಗಿದ ಅಪಾಯವನ್ನು ಇಲ್ಲಿ ಯಥಾವತ್ತಾಗಿ ನಮೂದಿಸುತ್ತಿದ್ದೇನೆ.

ನನ್ನ ಹೆಸರು ವಿಜಯಕುಮಾರ್. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಸಂಡೂರಿನ ಒಂದು ಅದಿರು ಪರೀಕ್ಷಾ ಲ್ಯಾಬಿನಲ್ಲಿ ಕೆಲಸ, ವಾಸ ಟಿ.ಬಿ. ಡ್ಯಾಂನ ಹಳೆಯ ಕ್ವಾರ್ಟರ್ಸ್. ಅದೇ ಕ್ವಾರ್ಟರ್ಸಿನ ಕೊನೆಯ ಸಾಲಿನಲ್ಲಿ ನಮ್ಮ ಚಿಕ್ಕ ಚರ್ಚ್ ಇದೆ. ಸಭೆಗೆ ಬರುವವರು ಅರವತ್ತೆರಡು ಮಂದಿ. ಮುದುಕಪ್ಪ ಅಯ್ಯನವರು ಇಪ್ಪತ್ತಾರು ವರ್ಷಗಳಿಂದ ಅದರ ಸಭಾಪಾಲಕರು. ನಾನು ಭಾನುವಾರ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಅದಕ್ಕಿಂತ ಹೆಚ್ಚಿನ ಅಪಾಯವನ್ನು ನನ್ನಿಂದ ಯಾರೂ ನಿರೀಕ್ಷಿಸಿರಲಿಲ್ಲ.

“ಕುಂದ್ರು ವಿಜಿ,” ಎಂದರು ಅಯ್ಯನವರು. “ಕಣ್ಣಿನ ಪೊರಿ ತೆಗಸಾಕ ಹೊಂಟೀನಿ. ಆಮ್ಯಾಲೆ ಕಂಪ್ಲ್ಯಾಗ ಮಗಳ ಮನ್ಯಾಗ ಇರ್ತೀನಿ. ಒಂದು ತಿಂಗ್ಳು ಅಕ್ಷರದ ಕಡಿ ನೋಡಬ್ಯಾಡ ಅಂದಾರ ಡಾಕ್ಟ್ರು. ಸಭಾ ನೀನ ನೋಡ್ಕ್ಯಾ.”

“ನಾ ಓದಿದ್ದು ಕೆಮಿಸ್ಟ್ರಿ ರೀ ಅಯ್ಯನೋರ.”

“ಇರ್ಲಿ. ಗೊತ್ತಿಲ್ಲದ್ದು ಗೊತ್ತೈತಿ ಅನಬ್ಯಾಡ, ಅಷ್ಟ ಸಾಕು. ಹೊಸ ವರ್ಷದ ಚೀಟಿ ತಾಟು ಮಾತ್ರ ಭಾಳ ಹುಷಾರಿಲೆ ಹಿಡಿಬೇಕು. ಅದಕ್ಕ ಮೊದ್ಲು ಮನಿಮನಿಗೆ ಒಂದು ರೌಂಡ್ ಹಾಕ್ಯಂಡ್ ಬಾ.”

ತಾಟು ಜಾರುತ್ತದೆ ಎಂದು ನಾನು ಅರ್ಥೈಸಿದೆ. ಅದರ ಅಂಚಿಗೆ ರಬ್ಬರಿನ ಪಟ್ಟಿ ಅಂಟಿಸಿದೆ. ಮನೆಮನೆಗೆ ಹೋಗುವುದು ಕ್ರಿಸ್ಮಸ್ ಶುಭಾಶಯಕ್ಕಾಗಿ ಎಂದು ಅರ್ಥೈಸಿದೆ. ಸಭೆಯ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಹಾಕಿ ಆ ಕೆಲಸವನ್ನು ನಾಲ್ಕು ಸೆಕೆಂಡಿನಲ್ಲಿ ಮುಗಿಸಿದೆ.

ಚೀಟಿಯ ಪದ್ಧತಿಯನ್ನು ತಿಳಿಯದವರಿಗಾಗಿ ಹೇಳುತ್ತೇನೆ. ವರ್ಷದ ಮೊದಲ ಭಾನುವಾರ ಸಭಾಪಾಲಕರು ಮಡಚಿದ ಚೀಟಿಗಳ ತಾಟು ಹಿಡಿದು ನಿಲ್ಲುತ್ತಾರೆ. ಪ್ರತಿ ಚೀಟಿಯಲ್ಲಿ ಪವಿತ್ರ ಗ್ರಂಥದ ಒಂದು ವಾಕ್ಯ. ಒಬ್ಬೊಬ್ಬರೇ ಬಂದು ಒಂದು ಚೀಟಿ ಎತ್ತಿ ಮೈಕಿನಲ್ಲಿ ಓದುತ್ತಾರೆ. ಅದು ಆ ವರ್ಷಕ್ಕೆ ದೇವರು ಅವರಿಗೆ ಕೊಟ್ಟ ವಾಗ್ದಾನ. ಆಮೇಲೆ ಅದು ಟಿ.ವಿ.ಯ ಮೇಲೆ, ಅಡುಗೆಮನೆಯ ಡಬ್ಬಿಯ ಮೇಲೆ, ಲಾರಿಯ ಗಾಜಿನ ಮೇಲೆ ಡಿಸೆಂಬರ್ ತನಕ ಅಂಟಿಕೊಂಡಿರುತ್ತದೆ.

ವರ್ಷದ ಕೊನೆಗೆ ಎಲ್ಲರೂ ಮರಳಿಸಿದ ಹಳೆಯ ಚೀಟಿಗಳು ಬೀರುವಿನ ಒಂದು ಸೀರೆ ಡಬ್ಬಿಯಲ್ಲಿದ್ದವು, ಎಲ್ಲವೂ ಅಯ್ಯನವರ ಕೈಬರಹದಲ್ಲಿ. ಅವನ್ನು ಬಿಚ್ಚಿ ಓದಿದಾಗ ನನಗೆ ಮೊದಲ ಆಘಾತವಾಯಿತು. ಅರವತ್ತೆರಡಕ್ಕೆ ಅರವತ್ತೆರಡೂ ಸಿಹಿ. ಸುಖ, ಸಮೃದ್ಧಿ, ಕಾಪಾಡುವಿಕೆ, ಕಣ್ಣೀರು ಒರೆಸುವಿಕೆ. ಗ್ರಂಥದಲ್ಲಿ ಗದರಿಕೆಯಿದೆ, ಯುದ್ಧವಿದೆ, ಜನಗಣತಿಯಿದೆ, ಗುಡಾರದ ಅಳತೆಯಿದೆ. ಡಬ್ಬಿಯಲ್ಲಿ ಅವುಗಳ ಸುಳಿವಿರಲಿಲ್ಲ. ನಮ್ಮ ಲ್ಯಾಬಿನಲ್ಲಿ ಅದಿರಿನ ರಾಶಿಯ ಮಾದರಿ ತೆಗೆಯುವವನು ಮೇಲಿನಿಂದ, ನಡುವಿನಿಂದ, ತಳದಿಂದ ಸಮಾನ ಅಂತರದಲ್ಲಿ ತೆಗೆಯಬೇಕು. ಹೊಳೆಯುವ ಗಟ್ಟಿಗಳನ್ನಷ್ಟೇ ಆರಿಸಿ ತಂದವನನ್ನು ಅದೇ ಮಧ್ಯಾಹ್ನ ಮನೆಗೆ ಕಳುಹಿಸುತ್ತಾರೆ. ಕಬ್ಬಿಣದ ವಿಷಯದಲ್ಲೇ ಇಷ್ಟು ಪ್ರಾಮಾಣಿಕತೆ ಬೇಕಾದರೆ ದೇವರ ವಿಷಯದಲ್ಲಿ ಎಷ್ಟು ಬೇಕು ಎಂದು ಯೋಚಿಸಿ ನಾನು ಬೆವತೆ.

ಗ್ರಂಥದಲ್ಲಿರುವುದು ಸುಮಾರು ಮೂವತ್ತೊಂದು ಸಾವಿರ ವಾಕ್ಯಗಳು. ಬೇಕಾದದ್ದು ಅರವತ್ತೆರಡು. ಅಂದರೆ ಐನೂರಕ್ಕೆ ಒಂದು. ಆರಿಸುವಾಗ ಅರ್ಥವನ್ನು ಗಮನಿಸಿದರೆ ಮನಸ್ಸು ಒಂದು ಕಡೆ ವಾಲುತ್ತದೆಂಬ ಕಾರಣದಿಂದ ನಾನು ವಾಕ್ಯಗಳನ್ನು ಓದಲೇ ಇಲ್ಲ, ಎಣಿಸಿದೆ. ಪಟ್ಟಿಯನ್ನು ಹೊಸಪೇಟೆಯ ಒಂದು ಡಿ.ಟಿ.ಪಿ. ಅಂಗಡಿಗೆ ಕೊಟ್ಟೆ. ಎರಡು ದಿನದ ಮೇಲೆ ಚೀಟಿಗಳನ್ನು ಕೈಗಿಡುತ್ತ ಅಂಗಡಿಯಾತ ಕೇಳಿದ: “ಇವನ್ನ ಯಾರಿಗೆ ಕೊಡ್ತೀರಿ ಸರ್?”

“ನಮ್ಮ ಸಭಾದವ್ರಿಗೆ.”

“ಏನು ತಪ್ಪು ಮಾಡ್ಯಾರ್ರಿ ಅವ್ರು?”

ಇದೊಂದು ತಾತ್ವಿಕ ಪ್ರಶ್ನೆ ಎಂದು ಭಾವಿಸಿ, ಮನುಷ್ಯರೆಲ್ಲರೂ ತಪ್ಪಿತಸ್ಥರೇ ಎಂದು ಉತ್ತರಿಸಿ ಬಸ್ಸು ಹತ್ತಿದೆ.

ಜನವರಿ ನಾಲ್ಕರ ಪ್ರಸಂಗವನ್ನು, ಅಂದರೆ ಪೀಠದಿಂದ ಮಾಡುವ ಉಪದೇಶವನ್ನು, ನಾನು ಹನ್ನೊಂದು ಗಂಟೆಗಳ ಕಾಲ ಸಿದ್ಧಪಡಿಸಿದ್ದೆ. ಕೇಳಿದ ಕಥೆಯಿಲ್ಲ, ಮೊಬೈಲಿನಲ್ಲಿ ಬಂದ ಉದಾಹರಣೆಯಿಲ್ಲ, ಕಂಡು ಖಚಿತಪಡಿಸಿಕೊಳ್ಳದ ಒಂದೂ ಸಂಗತಿಯಿಲ್ಲ. ಅವಧಿ ಇಪ್ಪತ್ತೆರಡು ನಿಮಿಷ. ವಿಷಯ: ಸತ್ಯವನ್ನು ಪೂರ್ತಿಯಾಗಿ ಹೇಳುವುದು. ಸಭೆ ಗಂಭೀರವಾಗಿ ಕೇಳಿತು. ಹನ್ನೊಂದೂ ಇಪ್ಪತ್ತಕ್ಕೆ ನಾನು ಚೀಟಿಗಳನ್ನು ಚೆನ್ನಾಗಿ ಕಲಸಿ, ತಾಟಿನ ಮೇಲೆ ಬಟ್ಟೆ ಮುಚ್ಚಿ, ಯಾರ ಕೈಗೆ ಯಾವುದು ಬರುವುದೆಂದು ನನಗೂ ತಿಳಿಯದಂತೆ ಮುಖ ತಿರುಗಿಸಿ ನಿಂತೆ.

ಮೊದಲು ಬಂದವರು ಸಭಾ ಹಿರಿಯರಾದ ಗಾದಿಲಿಂಗ ಕಾಕಾ, ಕಾಲುವೆ ಆಫೀಸಿನ ನಿವೃತ್ತ ಗುಮಾಸ್ತರು. ವಯಸ್ಸು ಅರವತ್ತಾರು. ಎತ್ತಿದ ಚೀಟಿಯನ್ನು ಆಫೀಸಿನ ಸುತ್ತೋಲೆಯಂತೆ ಗಟ್ಟಿಯಾಗಿ ಓದಿದರು. ನೂರು ವರ್ಷದ ಮುದುಕನಿಗೆ ಮಗು ಹುಟ್ಟೀತೇ, ತೊಂಬತ್ತರ ಹೆಂಡತಿ ಹೆತ್ತಾಳೇ ಎಂಬ ಅರ್ಥದ ವಾಕ್ಯ ಅದು. ಅವರ ಸೊಸೆ ತಲೆ ತಗ್ಗಿಸಿದಳು. ಅವರ ಹೆಂಡತಿ ಕಾಕಿಯವರು ಎದ್ದು ನಿಂತರು.

“ಅದನ್ನ ವಾಪಸ್ ಇಟ್ಟು ಬ್ಯಾರೆ ತಗೋರಿ.”

“ಒಬ್ಬರಿಗೆ ಒಂದ ಚೀಟಿ ರೀ ಕಾಕಿ,” ಎಂದೆ ನಾನು.

“ಲೇ ವಿಜಿ, ನನಗ ಅರವತ್ತೊಂದು.”

“ವಾಕ್ಯದಾಗ ತೊಂಬತ್ತೈತಿ ರೀ. ಇನ್ನೂ ಟೈಮ್ ಐತಿ.”

ಇದನ್ನು ನಾನು ಸಾಂತ್ವನವೆಂದು ಹೇಳಿದ್ದೆ. ಹಾಗೆ ಸ್ವೀಕೃತವಾಗಲಿಲ್ಲ.

ಎರಡನೆಯವನು ಕಾಳಪ್ಪ, ಗಣಿಯಿಂದ ಬಂದರಿಗೆ ಅದಿರು ಸಾಗಿಸುವ ಲಾರಿಯ ಡ್ರೈವರ್. ಸಮುದ್ರದ ನಡುವೆ ರಥಗಳ ಗಾಲಿ ಕಳಚಿ, ಓಡಿಸುವವರು ಒದ್ದಾಡಿದ ವಾಕ್ಯ ಅವನಿಗೆ ಬಂತು. ಅವನು ಅದನ್ನು ಎರಡು ಸಲ ಓದಿ, ಜೇಬಿನಿಂದ ಲಾರಿಯ ಕೀಲಿ ತೆಗೆದು, ಅದನ್ನು ಹಾವಿನಂತೆ ದೂರ ಹಿಡಿದು ನೋಡಿದ. ಮೂರನೆಯವಳು ಹೇಮಾವತಿ ಅಕ್ಕ, ಬಸ್ ಸ್ಟ್ಯಾಂಡಿನ ಬಳಿ ಬ್ಯೂಟಿ ಪಾರ್ಲರ್ ನಡೆಸುವವಳು. ಈ ತೈಲವನ್ನು ಸಾಮಾನ್ಯ ಮನುಷ್ಯರ ಮೈಗೆ ಹಚ್ಚಕೂಡದು, ಇಂಥದ್ದನ್ನು ತಯಾರಿಸಲೂ ಕೂಡದು ಎಂಬ ಕಟ್ಟಪ್ಪಣೆ ಆಕೆಗೆ ಬಂತು. ಮುಂದೆ ಒಬ್ಬರಿಗೆ ಪರದೆಯ ಉದ್ದಗಲ, ಇನ್ನೊಬ್ಬರಿಗೆ ಹನ್ನೊಂದು ಹೆಸರುಗಳ ವಂಶಾವಳಿ. ಒಂದೊಂದು ಚೀಟಿಗೂ ಸಭೆ ಬೆಂಚಿನಲ್ಲಿ ಒಂದೊಂದು ಅಂಗುಲ ಹಿಂದಕ್ಕೆ ಸರಿಯಿತು. ನಾನು ಮಾತ್ರ, ವಿತರಣೆ ಇಷ್ಟು ಸಮನಾಗಿರುವುದನ್ನು ಕಂಡು, ನಾಚಿಕೆಯಿಂದ ಹೇಳುತ್ತೇನೆ, ಸಂತೋಷಪಡುತ್ತಿದ್ದೆ.

ಹನ್ನೆರಡಕ್ಕೆ ಎರಡು ನಿಮಿಷ ಇರುವಾಗ ದುರುಗವ್ವನವರು ಬಂದರು. ಎಪ್ಪತ್ತನಾಲ್ಕು ವರ್ಷ, ಕಾಲುವೆಯ ಹೂಳೆತ್ತುವ ಗ್ಯಾಂಗಿನಲ್ಲಿ ದುಡಿದ ಕೈ. ಓದು ಬರದು. ಚೀಟಿ ಎತ್ತಿ ನನ್ನ ಕೈಗೆ ಕೊಟ್ಟರು. “ನೀನ ಓದಪ್ಪಾ. ಈ ವರ್ಷದ್ದು ನನಗ ಭಾಳ ಬೇಕಾಗೈತಿ.”

ನಾನು ಬಿಚ್ಚಿದೆ. ನಿನ್ನ ಮನೆಯ ವ್ಯವಸ್ಥೆ ಮಾಡಿಕೋ, ನೀನು ಬದುಕುವುದಿಲ್ಲ, ಸಾಯುತ್ತೀ ಎಂದು ಒಬ್ಬ ರಾಜನಿಗೆ ಪ್ರವಾದಿಯ ಮೂಲಕ ಬಂದ ಸಂದೇಶ ಅದರಲ್ಲಿತ್ತು. ಮೈಕಿನ ಮುಂದೆ ನಾಲ್ಕು ಸೆಕೆಂಡು ನಿಂತೆ. ಸುಳ್ಳು ಓದಲು ಬಾಯಿ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಓದಿದೆ. ದುರುಗವ್ವ ಅಳಲಿಲ್ಲ. ಚೀಟಿ ವಾಪಸ್ ಪಡೆದು, ಸೀರೆಯ ತುದಿಗೆ ಗಂಟು ಹಾಕಿ, “ಆತು ಬಿಡಪ್ಪ, ಮೊದ್ಲ ಹೇಳಿದ್ದು ಚೊಲೋ ಆತು,” ಎಂದು ಹೊರಟರು. ಆಗ ಹೇಮಾವತಿ ಅಕ್ಕ ನನ್ನ ಕಿವಿಯ ಬಳಿ ಬಂದು ಹೇಳಿದಳು: “ಮುಂದಿನ ಸೋಮವಾರ ಅಕಿದು ಆಪರೇಷನ್ ಐತೋ. ಹೊಟ್ಟ್ಯಾಗ ಗಡ್ಡಿ. ಗೊತ್ತಿಲ್ಲೇನು ನಿನಗ?”

ನನಗೆ ಗೊತ್ತಿರಲಿಲ್ಲ. ವಾಟ್ಸಾಪಿನಲ್ಲಿ ಶುಭಾಶಯ ಕಳುಹಿಸಿದವನಿಗೆ ಅದು ಗೊತ್ತಾಗುವ ಮಾರ್ಗವೇ ಇರಲಿಲ್ಲ; ದುರುಗವ್ವನ ಬಳಿ ಮೊಬೈಲೇ ಇಲ್ಲ.

ಸೋಮವಾರ ಲ್ಯಾಬಿಗೆ ಫೋನು ಬಂತು. ಗಣಿಯ ಸೂಪರ್‌ವೈಸರ್.

“ಯಾರ್ರಿ ನೀವು, ನಮ್ಮ ಕಾಳಪ್ಪಗ ಸಮುದ್ರದ ಕಡಿ ಹೋಗಬ್ಯಾಡ ಅಂದೋರು?”

“ನಾ ಹಂಗ ಅಂದಿಲ್ಲ ರೀ. ವಾಕ್ಯ ಹಂಗ ಬಂದೈತಿ.”

“ಬಂದರು ಇರೋದ ಸಮುದ್ರದ ದಂಡ್ಯಾಗ ರೀ. ಲೋಡು ಏನ್ ಟಿ.ಬಿ. ಡ್ಯಾಂನಾಗ ಸುರೀಲೇನು?”

ಮಂಗಳವಾರದ ಹೊತ್ತಿಗೆ ಕಾಳಪ್ಪನ ಲಾರಿ ಕ್ವಾರ್ಟರ್ಸಿನ ಬೇವಿನ ಮರದ ಕೆಳಗೆ, ಎಲ್ಲ ಗಾಲಿಗೂ ಕಲ್ಲು ಕೊಟ್ಟುಕೊಂಡು ನಿಂತಿತ್ತು. ಹೇಮಾವತಿ ಅಕ್ಕ ಎಣ್ಣೆ ಮಸಾಜನ್ನು ನಿಲ್ಲಿಸಿದ್ದಳು. ಅರ್ಧ ತಲೆಗೆ ಎಣ್ಣೆ ಹಚ್ಚಿಸಿಕೊಂಡಿದ್ದ ಗಿರಾಕಿಯೊಬ್ಬರು ಉಳಿದರ್ಧಕ್ಕೆ ನನ್ನನ್ನು ಹುಡುಕುತ್ತಿದ್ದಾರೆಂದು ಸುದ್ದಿ ಬಂತು. ಗಾದಿಲಿಂಗ ಕಾಕಾ ವಾಕಿಂಗಿಗೆ ಹೋದಲ್ಲೆಲ್ಲ ಗೆಳೆಯರು ತೊಟ್ಟಿಲ ವಿಚಾರ ಎತ್ತುತ್ತಿದ್ದರು. ಇವೆಲ್ಲವನ್ನೂ ಸಹಿಸಬಹುದಿತ್ತು. ದುರುಗವ್ವನ ಮನೆಯ ಅಂಗಳದಲ್ಲಿ ಕಂಡದ್ದನ್ನು ಸಹಿಸಲಾಗಲಿಲ್ಲ.

ಅವರು ಮನೆಯ ವ್ಯವಸ್ಥೆ ಮಾಡಿಕೊಳ್ಳುತ್ತಿದ್ದರು. ಪಾತ್ರೆಗಳು ಒಂದು ಕಡೆ, ಕೌದಿಗಳು ಒಂದು ಕಡೆ, ಪ್ರತಿಯೊಂದರ ಮೇಲೂ ಯಾರಿಗೆ ಸೇರಬೇಕೆಂಬ ಗುರುತಿಗೆ ಒಂದೊಂದು ಬಣ್ಣದ ದಾರ. ಪಕ್ಕದ ಮನೆಯ ಕೊಟ್ರಮ್ಮನವರು ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ನನ್ನನ್ನು ಕಂಡದ್ದೇ ತಿರುಗಿದರು.

“ಬಾರಪ್ಪಾ ಪ್ರವಾದಿ. ನೋಡು, ಈಕಿ ನಾಕು ಕೋಳಿ ನನ್ನ ಹೆಸರಿಗೆ ಮಾಡ್ಯಾಳ. ನಾ ಲಿಂಗ ಕಟ್ಟಿದಾಕಿ. ತಿನ್ನಾಂಗಿಲ್ಲ, ಮಾರಾಂಗಿಲ್ಲ. ಆಗ್ಲೇ ನಮ್ಮ ಅಂಗಳದಾಗ ಅಡ್ಡಾಡಾಕ ಹತ್ಯಾವ. ನಮ್ಮ ಅತ್ತಿ ಕಂಡ್ರ ನನ್ನ ಕತಿ ಏನು?”

“ಸಾಕ್ಯಾ ಕೊಟ್ರಿ,” ಎಂದರು ದುರುಗವ್ವ ಶಾಂತವಾಗಿ. “ನನ್ನ ನೆನಪಿಗೆ.”

“ನೆನಪಿಗೆ ಒಂದು ತಂಬಿಗಿ ಕೊಡು. ಅದು ಕೊಕ್ಕೊಕ್ಕೋ ಅನ್ನಾಂಗಿಲ್ಲ.”

ನಾನು ಕುಳಿತು, ಲ್ಯಾಬಿನಲ್ಲಿ ಹೊಸಬರಿಗೆ ವಿವರಿಸುವಂತೆ ವಿವರಿಸಿದೆ. ಈ ವಾಕ್ಯವನ್ನು ನಾನು ಎಣಿಸಿ ತೆಗೆದದ್ದು, ಅರ್ಥ ನೋಡಿ ಅಲ್ಲ. ಕಲಸಿದ ತಾಟಿನಿಂದ ಅದು ಯಾರಿಗಾದರೂ ಬರಬಹುದಿತ್ತು. “ನಿಮಗ ಬರೋ ಸಂಭವ ಅರವತ್ತೆರಡರಾಗ ಒಂದ ಒಂದು ರೀ ಅವ್ವ.”

ದುರುಗವ್ವ ಗಮನವಿಟ್ಟು ಕೇಳಿದರು. “ಅಂದ್ರ ಅರವತ್ತೊಂದು ಮಂದೀನ ದಾಟಿ ನನ್ನನ್ನ ಹುಡುಕ್ಯಂಡ್ ಬಂದೈತಿ.”

ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಉತ್ತರವಿದೆ. ಅದನ್ನು ಬಿಟ್ಟು ನಾನು ಡಾಕ್ಟರ ಮಾತಿಗೆ ಹೊರಳಿದೆ.

“ಆಪರೇಷನ್ನಿಗೆ ಹೋಗ್ರಿ ಅವ್ವ. ಇನ್ನ ತಡ ಮಾಡಬ್ಯಾಡ ಅಂದಾರಂತ ಡಾಕ್ಟ್ರು.”

“ಮ್ಯಾಲಿನಾತ ಬ್ಯಾಡ ಅಂದ ಮ್ಯಾಲೆ ಡಾಕ್ಟ್ರು ಏನ್ ಕೊಯ್ತಾನಪ್ಪ. ಸುಮ್ನ ಅವನ ಕತ್ರಿ ಮೊಂಡ.”

ಬುಧವಾರ ಹಿರಿಯರ ಸಭೆ. ಗಾದಿಲಿಂಗ ಕಾಕಾ ಅಧ್ಯಕ್ಷತೆ ವಹಿಸಿ, ತಮ್ಮ ಚೀಟಿಯ ವಿಷಯವನ್ನು ಕಲಾಪದಿಂದ ಕೈಬಿಟ್ಟು, ನೇರವಾಗಿ ದುರುಗವ್ವನ ವಿಷಯಕ್ಕೆ ಬಂದರು. ಪರಿಹಾರವೂ ಅವರ ಬಳಿ ಸಿದ್ಧವಿತ್ತು.

“ಅಂಗಡ್ಯಾಗ ಪ್ರಿಂಟ್ ತಪ್ಪಾಗೈತಿ ಅನ್ನು. ಅಕಿ ಚೀಟಿ ಬ್ಯಾರೇದು ಇತ್ತು ಅನ್ನು. ಹಳೇ ಡಬ್ಬ್ಯಾಗಿಂದು ಒಂದು ಚೊಲೋದು ಕೊಡು. ಮುಗೀತು.”

“ತಪ್ಪಾಗಿಲ್ಲ ರೀ ಕಾಕಾ. ಪ್ರೂಫ್ ನಾನ ನೋಡೀನಿ, ಅರ್ಥ ಅಲ್ಲ, ಅಕ್ಷರ ಅಷ್ಟ.”

“ಒಂದು ಸುಳ್ಳಿಂದ ಒಂದು ಜೀವ ಉಳಿತೈತಿ. ನಿನ್ನ ಕೆಮಿಸ್ಟ್ರಿ ಏನಂತೈತಿ ಇದಕ್ಕ?”

ಪ್ರಶ್ನೆ ನ್ಯಾಯವಾಗಿತ್ತು. ನಾನು ಹೇಳಿದೆ: “ಭಾನುವಾರ ಸತ್ಯ ಪೂರ್ತಿ ಹೇಳ್ರಿ ಅಂತ ಹೇಳಿ, ಬುಧವಾರ ಸುಳ್ಳು ಹೇಳಿದ್ರ, ಆಕಿ ಸಾಯೋ ಹೊತ್ತಿನಾಗ ನಾ ಹೇಳಿದ ಯಾವ ಮಾತು ನಂಬಬೇಕು ರೀ?”

“ಆಕಿ ಸಾಯೋ ಹೊತ್ತು ತಂದಾವ ನೀನ,” ಎಂದರು ಕಾಕಾ. “ಸೋಮವಾರ ಅಕಿ ಆಸ್ಪತ್ರಿ ಮಂಚದ ಮ್ಯಾಲೆ ಇರಬೇಕು. ಇಲ್ಲಂದ್ರ ನೀ ಆ ಪೀಠದ ಮ್ಯಾಲೆ ಇರಬ್ಯಾಡ.”

ಗುರುವಾರ ರಜೆ ಹಾಕಿ ಕಂಪ್ಲಿಯ ಬಸ್ಸು ಹತ್ತಿದೆ. ಅಯ್ಯನವರು ಮಗಳ ಮನೆಯ ಕಟ್ಟೆಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕುಳಿತಿದ್ದರು. ನಾನು ನಡೆದದ್ದನ್ನು ಕ್ರಮವಾಗಿ, ವೇಳೆಯ ಸಮೇತ ವರದಿ ಮಾಡಿದೆ. ಗಾದಿಲಿಂಗ ಕಾಕಾರ ಚೀಟಿಗೆ ಅವರ ಭುಜ ಕುಲುಕಿತು. ದುರುಗವ್ವನ ಚೀಟಿಗೆ ಅವರು ಕನ್ನಡಕ ತೆಗೆದರು. ಡಾಕ್ಟರು ನಿಷೇಧಿಸಿದ್ದರೂ ತೆಗೆದರು.

“ಮನಿಮನಿಗೆ ಹೋಗಿ ಬಾ ಅಂದಿದ್ನಲ್ಲ?”

“ಮೆಸೇಜ್ ಹಾಕಿದ್ದೆ ರೀ.”

“ತಾಟು ಹುಷಾರಿಲೆ ಹಿಡಿ ಅಂದಿದ್ದೆ.”

“ರಬ್ಬರ್ ಅಂಟಿಸಿದ್ದೆ ರೀ.”

ಆಗ ಅಯ್ಯನವರು ಹೇಳಿದ್ದು ನನ್ನ ಜೀವನದ ಎರಡನೆಯ ದೊಡ್ಡ ಆಘಾತ. ಇಪ್ಪತ್ತಾರು ವರ್ಷಗಳಿಂದ ಅವರು ಪ್ರತಿ ಡಿಸೆಂಬರಿನಲ್ಲಿ ಒಂದೊಂದು ಮನೆಗೂ ಹೋಗಿ, ಚಹಾ ಕುಡಿದು, ಯಾರಿಗೆ ಏನು ಬೇಕಾಗಿದೆ ಎಂದು ತಿಳಿದು, ಅವರವರಿಗೆ ತಕ್ಕ ವಾಕ್ಯ ಬರೆದು, ಯಾರು ಬಂದಾಗ ಯಾವ ಚೀಟಿ ಬೆರಳಿನ ಹತ್ತಿರ ಇರಬೇಕೋ ಆ ಕಡೆಗೆ ತಾಟನ್ನು ವಾಲಿಸುತ್ತಿದ್ದರು.

“ಅಯ್ಯನೋರ,” ಎಂದೆ. “ಅದು ಮೋಸ ಅಲ್ಲೇನ್ರಿ?”

“ತಾನಾಗೇ ಬಂತು ಅಂತ ನಾ ಯಾವತ್ತಾರ ಅಂದೀನೇನು? ಯಾರೂ ಕೇಳಿಲ್ಲ. ಕೇಳಿದ್ರ ಹೇಳ್ತಿದ್ದೆ.” ಕನ್ನಡಕವನ್ನು ಮತ್ತೆ ಹಾಕಿಕೊಂಡು, “ಕೇಳಲಿ ಅಂತಾನೂ ಇತ್ತು, ಬ್ಯಾಡ ಅಂತಾನೂ ಇತ್ತು,” ಎಂದರು.

ಇದು ಪ್ರಾಮಾಣಿಕತೆಯೋ ಅಲ್ಲವೋ ಎಂಬುದನ್ನು ನಾನು ಇಂದಿಗೂ ಬಗೆಹರಿಸಿಲ್ಲ.

“ಅದಿರ್ಲಿ. ರಾಜಂದು ಮುಂದಿನ ವಾಕ್ಯ ಏನೈತಿ?”

“ಅದು ನನ್ನ ಲೆಕ್ಕದಾಗ ಬರೋದಿಲ್ಲ ರೀ. ಐನೂರಕ್ಕೆ ಒಂದು.”

“ವಿಜಿ,” ಎಂದರು ಅಯ್ಯನವರು, “ಗ್ರಂಥ ತಗಿ. ಓದು.”

ಆ ಕಟ್ಟೆಯ ಮೇಲೆ ಕುಳಿತು ಮುಂದಿನ ಆರು ವಾಕ್ಯಗಳನ್ನು ನಾನು ಗಟ್ಟಿಯಾಗಿ ಓದಿದೆ. ರಾಜನು ಗೋಡೆಯ ಕಡೆ ಮುಖ ತಿರುಗಿಸಿ ಅತ್ತು ಪ್ರಾರ್ಥಿಸಿದ. ಪ್ರವಾದಿ ಅರಮನೆಯ ಅಂಗಳ ದಾಟುವ ಮೊದಲೇ ಅವನಿಗೆ ಹಿಂತಿರುಗುವಂತೆ ಅಪ್ಪಣೆಯಾಯಿತು. ರಾಜನ ಆಯುಷ್ಯಕ್ಕೆ ಹದಿನೈದು ವರ್ಷ ಸೇರಿತು. ಹುಣ್ಣಿಗೆ ಅಂಜೂರದ ಉಂಡೆ ಕಟ್ಟಿದರು, ಗುಣವಾಯಿತು. ಹನ್ನೊಂದು ಗಂಟೆ ಸಿದ್ಧತೆ ಮಾಡಿದವನು ಎರಡು ನಿಮಿಷದ ಈ ಓದನ್ನು ಮಾಡಿರಲಿಲ್ಲ.

“ಜಲ್ದಿ ಹೋಗು,” ಎಂದರು ಅಯ್ಯನವರು. “ಬಸ್ಸೈತಿ.”

ಸಂಜೆ ನಾಲ್ಕೂವರೆಗೆ ದುರುಗವ್ವನ ಅಂಗಳದಲ್ಲಿದ್ದೆ. ಕೋಳಿಗಳು ಅಧಿಕೃತವಾಗಿ ಕೊಟ್ರಮ್ಮನವರ ಕಡೆ ಇದ್ದವು. ನಾನು ಮೊದಲು ತಪ್ಪೊಪ್ಪಿಕೊಂಡೆ: ಭಾನುವಾರ ನಾನು ಓದಿದ್ದು ಅರ್ಧ, ಉಳಿದರ್ಧ ನನಗೇ ಗೊತ್ತಿರಲಿಲ್ಲ, ನಿಮ್ಮ ಕಾಯಿಲೆಯೂ ಗೊತ್ತಿರಲಿಲ್ಲ. ಆಮೇಲೆ ಏಳೂ ವಾಕ್ಯಗಳನ್ನು ಓದಿದೆ. ಮುಗಿದ ಮೇಲೆ ದುರುಗವ್ವ ಕೇಳಿದರು: “ಈಗ ಓದಿದ್ದೂ ಅದ ಜಾಗದಾಗ ಐತೇನು? ಗಾದಿಲಿಂಗ ಹೇಳಿ ಕಳಿಸಿದ್ದಲ್ಲಲ್ಲ?”

“ಅದ ಪುಟ ರೀ ಅವ್ವ.” ನಾನು ಅವರ ಬೆರಳು ಹಿಡಿದು ಚೀಟಿಯ ವಾಕ್ಯದ ಮೇಲೂ ಅದರ ಕೆಳಗಿನ ವಾಕ್ಯದ ಮೇಲೂ ಇಟ್ಟೆ.

“ಅಳಬೇಕಿತ್ತು,” ಎಂದರು ಅವರು. “ನಾ ಸುಮ್ನ ಎದ್ದು ಬಂದೆ. ಕೇಳಿದ್ರ ಕೊಡ್ತಿದ್ದ.” ಕಾಲುವೆಯ ಹೂಳು ಹೊತ್ತ ಆ ಹೆಂಗಸು ಗೋಡೆಯ ಕಡೆ ತಿರುಗಿ, ಐದು ದಿನ ತಡೆದದ್ದನ್ನು ಅತ್ತರು. ಕೊಟ್ರಮ್ಮನವರೂ ಅತ್ತರು, ಅದರಲ್ಲಿ ಕೋಳಿಗಳ ಪಾಲು ಎಷ್ಟೆಂದು ಹೇಳಲಾರೆ.

ಕಣ್ಣೊರೆಸಿಕೊಂಡು ದುರುಗವ್ವ ಕೇಳಿದರು: “ಅಂದ್ರ ರಾಜಗೂ ಔಷಧ ಮಾಡ್ಯಾರ.”

“ಮಾಡ್ಯಾರ ರೀ.”

“ಹಂಗಾರ ನಾನೂ ಹೋಗ್ತೀನಿ. ಆದ್ರ ಅಂಜೂರ ಬೇಕು. ಅರ್ಧ ಮಾಡಿದ್ರ ಏನಾಗ್ತೈತಿ ಅಂತ ನೋಡೀದಿ ಅಲ್ಲ ನೀನು.”

ಜನವರಿ ಹನ್ನೊಂದು, ಭಾನುವಾರದ ಪ್ರಸಂಗ ನಾಲ್ಕು ನಿಮಿಷ. ನಾನು ನಿಮಗೆ ಅರ್ಧ ಓದಿದೆ ಎಂದು ಹೇಳಿ, ಉಳಿದ ಹೊತ್ತೆಲ್ಲ ಒಬ್ಬೊಬ್ಬರ ಚೀಟಿಯ ಹಿಂದುಮುಂದಿನ ವಾಕ್ಯಗಳನ್ನು ಓದಿದೆ. ಗಾಲಿ ಕಳಚಿದ್ದು ಬೆನ್ನಟ್ಟಿ ಬಂದ ಸೈನ್ಯದ್ದೇ ಹೊರತು ದಾಟಿ ಹೋದವರದ್ದಲ್ಲ ಎಂದು ತಿಳಿದು ಕಾಳಪ್ಪ ಅಲ್ಲಿಂದಲೇ ಸೂಪರ್‌ವೈಸರಿಗೆ ಫೋನು ಮಾಡಿದ. ನಿಷೇಧವಿದ್ದದ್ದು ಗುಡಾರದ ಪವಿತ್ರ ತೈಲಕ್ಕೆ ಮಾತ್ರ, ಕೊಬ್ಬರಿ ಎಣ್ಣೆಗಲ್ಲ ಎಂದು ತಿಳಿದು ಹೇಮಾವತಿ ಅಕ್ಕ ನಿಟ್ಟುಸಿರು ಬಿಟ್ಟಳು. ಗಾದಿಲಿಂಗ ಕಾಕಾ ತಮ್ಮ ಚೀಟಿಯನ್ನೂ ಮುಂದೆ ಓದಬೇಕೆ ಎಂದು ಕೇಳಿದಾಗ ಬೇಡವೆಂದೆ. ಅವರು ಹಟ ಹಿಡಿದರು. ಓದಿದೆ. ಮುಂದಿನ ವಾಕ್ಯಗಳ ಪ್ರಕಾರ ಮಗು ಹುಟ್ಟುವುದು ಖಚಿತ, ಹೆಸರು ಕೂಡ ನಿಗದಿಯಾಗಿದೆ. ಕಾಕಿಯವರು ಆಶೀರ್ವಾದಕ್ಕೆ ನಿಲ್ಲದೆ ಮನೆಗೆ ಹೋದರು.

ಸೋಮವಾರ ಬೆಳಿಗ್ಗೆ ಆರೂ ಐವತ್ತಕ್ಕೆ ದುರುಗವ್ವನವರು ಆಸ್ಪತ್ರೆಯ ಮಂಚದ ಮೇಲಿದ್ದರು. ಪರೀಕ್ಷೆಗೆ ಬಂದ ಡಾಕ್ಟರು ಹೊದಿಕೆ ಸರಿಸಿ ಬೆಚ್ಚಿಬಿದ್ದರು. ರೋಗಿಯ ಹೊಟ್ಟೆಯ ಮೇಲೆ, ಬಿಳಿ ಬಟ್ಟೆಯಲ್ಲಿ ಕಟ್ಟಿದ, ಅರೆದ ಅಂಜೂರದ ಉಂಡೆ.

“ಏನಿದು? ಯಾರು ಕಟ್ಟಿದ್ದು?”

“ನಾನ ಕಟ್ಟಿಸ್ಯಂಡೀನಿ,” ಎಂದರು ದುರುಗವ್ವ. “ಇನ್ನ ನಿಂದು ಏನೈತೋ ನೀ ಮಾಡಪ್ಪ. ಹದಿನೈದು ವರ್ಷದ ಮಾತಾಗೈತಿ.”

ಡಾಕ್ಟರು ನನ್ನ ಕಡೆ ನೋಡಿದರು. ನಾನು ಬಿ.ಎಸ್ಸಿ. ಎಂದು ಹೇಳಲಿಲ್ಲ.

ತೆಗೆದ ಗಡ್ಡೆಯ ತುಣುಕನ್ನು ಪರೀಕ್ಷೆಗೆ ಕಳುಹಿಸಿದರು. ಆ ಹತ್ತು ದಿನಗಳಲ್ಲಿ ನಾನು ಲ್ಯಾಬಿನಲ್ಲಿ ಎರಡು ಬೀಕರು ಒಡೆದೆ. ಕೆಲಸ ಮುಗಿದ ಮೇಲೆ ಒಂದೊಂದೇ ಮನೆಗೆ ಹೋಗಿ ಚಹಾ ಕುಡಿದೆ, ಮೂವತ್ತೊಂದು ಮನೆಗಳಾದವು. ಜನವರಿ ಇಪ್ಪತ್ತೆರಡು, ಗುರುವಾರ, ಸಂಜೆ ಐದೂ ಹತ್ತಕ್ಕೆ ಆಸ್ಪತ್ರೆಯ ಕೌಂಟರಿನಲ್ಲಿ ವರದಿ ಕೈಗೆ ಬಂತು. ದುರುಗವ್ವ, ಕೊಟ್ರಮ್ಮ, ಗಾದಿಲಿಂಗ ಕಾಕಾ ಮೂವರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ವರದಿಯ ಕೊನೆಯ ಸಾಲನ್ನು ಓದಿದೆ. ಗಟ್ಟಿಯಾಗಿ ಹೇಳುವ ಮೊದಲು, ಮುಂದಿನ ಸಾಲು ಏನಾದರೂ ಇದೆಯೇ ಎಂದು ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದೆ. ಖಾಲಿ ಇತ್ತು. ಆಮೇಲೆ ಓದಿ ಹೇಳಿದೆ:

ಪರೀಕ್ಷಿಸಿದ ಮಾದರಿಯಲ್ಲಿ ಕ್ಯಾನ್ಸರಿನ ಅಂಶ ಕಂಡುಬಂದಿಲ್ಲ.